ಡೆವನ್‌ಪೋರ್ಟಿನ ಧೂಳು

ಎದೆಯಲ್ಲಿ ನೀರು ತುಂಬಿಕೊಂಡಿದೆ ಅಂದರೆ ಮೈಸೂರಿನಲ್ಲಿ ನಮಗೆ ಎರಡನೆಯ ಯೋಚನೆಯೇ ಬರುತ್ತಿರಲಿಲ್ಲ. ಕ್ಷಯ. ಸೂಜಿ ಹಾಕಿ ನೀರು ತೆಗೆಯುವುದು, ಸ್ಟ್ರೆಪ್ಟೊಮೈಸಿನ್ ಶುರುಮಾಡುವುದು, ಹಾಲು ಮೊಟ್ಟೆ ಚೆನ್ನಾಗಿ ಕೊಡಿ ಎಂದು ಮನೆಯವರಿಗೆ ಹೇಳುವುದು. ಕೆ.ಆರ್. ಆಸ್ಪತ್ರೆಯಲ್ಲೂ ಆಮೇಲೆ ಪಿ.ಕೆ. ಸ್ಯಾನಿಟೋರಿಯಮ್ಮಿನಲ್ಲೂ ನಾನು ಕಲಿತದ್ದು ಅದನ್ನೇ, ಮತ್ತು ಬಹಳಷ್ಟು ಸಲ ಅದು ಸರಿಯಾಗಿಯೇ ಇರುತ್ತಿತ್ತು. ಕೇಸ್‌ಷೀಟಿನಲ್ಲಿ ರೋಗಿಯ ಕಸುಬಿಗೆ ಒಂದು ಖಾನೆ ಇತ್ತು, ನಿಜ. ‘ಕೂಲಿ’ ಎಂದೋ ‘ವ್ಯವಸಾಯ’ ಎಂದೋ ಬರೆದು ಮುಂದಕ್ಕೆ ಹೋಗುತ್ತಿದ್ದೆವು. ಹೊರಗೆ ಸಾಲು ನಿಂತಿರುವಾಗ ಯಾವ ಕೂಲಿ, ಎಲ್ಲಿಯ ಕೂಲಿ ಎಂದು ಕೇಳುತ್ತಾ ಕೂರುವ ಪುರುಸೊತ್ತು ಯಾರಿಗಿತ್ತು?

1970ರ ದಶಕದ ಮಧ್ಯದಲ್ಲಿ ನಾನು ಇಂಗ್ಲೆಂಡಿನ ನೈಋತ್ಯ ಮೂಲೆಯ ಪ್ಲಿಮತ್ ಎಂಬ ಬಂದರು ಊರಿಗೆ ಎದೆರೋಗ ವಿಭಾಗದ ರಿಜಿಸ್ಟ್ರಾರ್ ಆಗಿ ಹೋದೆ. ನಮ್ಮ ಕಡೆಯ ಡಾಕ್ಟರುಗಳಿಗೆ ಆಗ ಸಿಗುತ್ತಿದ್ದದ್ದು ಇಂಥ ಕೆಲಸಗಳೇ. ಲಂಡನ್ನಿನ ಹೃದ್ರೋಗ ವಿಭಾಗಕ್ಕೆ ನಮ್ಮನ್ನು ಯಾರೂ ಕರೆಯುತ್ತಿರಲಿಲ್ಲ. ಮೊದಲ ವಾರ ನಮ್ಮ ಕನ್ಸಲ್ಟೆಂಟ್ ಒಂದು ಮಾತು ಹೇಳಿದರು. “ರೋಗಿ ಈಗ ಏನು ಮಾಡುತ್ತಾನೆ ಎಂದು ಕೇಳಬೇಡ. ಹದಿನಾಲ್ಕನೇ ವಯಸ್ಸಿಗೆ ಶಾಲೆ ಬಿಟ್ಟ ಮರುದಿನ ಏನು ಮಾಡಿದ ಎಂದು ಕೇಳು. ಅಲ್ಲಿಂದ ಒಂದೊಂದೇ ಕೆಲಸ ಬರೆದುಕೊಂಡು ಬಾ.” ಕಾಯಿಲೆಯವರ ಕಸುಬು ಕೇಳಿರಪ್ಪಾ ಎಂದು ಇಟಲಿಯ ರಾಮಝಿನಿ 1700ರಲ್ಲೇ ಪುಸ್ತಕ ಬರೆದಿದ್ದರು. ಆ ಹೆಸರು ನನ್ನ ಕಿವಿಗೆ ಬಿದ್ದದ್ದು ಪ್ಲಿಮತ್ತಿನಲ್ಲಿ.

ಬರೆಯುತ್ತಾ ಹೋದರೆ ಎಲ್ಲ ದಾರಿಗಳೂ ಒಂದೇ ಗೇಟಿಗೆ ಹೋಗಿ ನಿಲ್ಲುತ್ತಿದ್ದವು. ಡೆವನ್‌ಪೋರ್ಟ್ ಡಾಕ್‌ಯಾರ್ಡ್. 1690ರ ದಶಕದಿಂದ ಬ್ರಿಟನ್ನಿನ ರಾಜ ನೌಕಾಪಡೆಯ ಹಡಗುಗಳು ಅಲ್ಲಿ ಕಟ್ಟಲ್ಪಟ್ಟಿವೆ, ದುರಸ್ತಿಯಾಗಿವೆ. ಟೇಮರ್ ನದಿಯ ದಂಡೆಯುದ್ದಕ್ಕೂ ಎತ್ತರದ ಗೋಡೆ. ಆಚೆ ದಡದ ಟಾರ್‌ಪಾಯಿಂಟ್‌ನಿಂದ ಕಬ್ಬಿಣದ ಸರಪಳಿ ಎಳೆದುಕೊಂಡು ಬರುವ ಫೆರ್ರಿಯಲ್ಲಿ ಬೆಳಗ್ಗೆ ಜನವೋ ಜನ. ಅಪ್ಪ ಯಾರ್ಡಿನಲ್ಲಿ, ಮಗ ಯಾರ್ಡಿನಲ್ಲಿ, ಸೋದರಮಾವ ನೌಕಾಪಡೆಯಲ್ಲಿ. ಊರಿಗೆ ಊರೇ ಎರಡು ಪಾಲು: ಸಮವಸ್ತ್ರ ಹಾಕಿ ಸಮುದ್ರಕ್ಕೆ ಹೋಗುವವರು, ಓವರಾಲ್ ಹಾಕಿ ಯಾರ್ಡಿಗೆ ಹೋಗುವವರು. ಈ ಎರಡು ಬಟ್ಟೆಗಳ ನಡುವಿನ ವ್ಯತ್ಯಾಸ ಎಷ್ಟು ದುಬಾರಿ ಎಂಬುದು ತಿಳಿಯಲು ನನಗೆ ಕೆಲವು ವರ್ಷ ಬೇಕಾಯಿತು.

ಹಬೆಯಿಂದ ಓಡುವ ಯುದ್ಧನೌಕೆಯ ಒಳಗೆ ಮೈಲಿಗಟ್ಟಲೆ ಕೊಳವೆ. ಬಾಯ್ಲರಿನಿಂದ ಟರ್ಬೈನಿಗೆ, ಟರ್ಬೈನಿನಿಂದ ಕಂಡೆನ್ಸರಿಗೆ. ಮುಟ್ಟಿದರೆ ಚರ್ಮ ಸುಲಿದು ಬರುವಷ್ಟು ಬಿಸಿ. ಶಾಖ ಸೋರಬಾರದು, ಬೆಂಕಿ ಹತ್ತಬಾರದು, ತೂಕ ಹೆಚ್ಚಬಾರದು. ಈ ಮೂರಕ್ಕೂ ಕಲ್ನಾರಿಗಿಂತ, ಅಂದರೆ ಆಸ್‌ಬೆಸ್ಟಾಸ್‌ಗಿಂತ, ಅಗ್ಗದ ವಸ್ತು ಆ ಕಾಲಕ್ಕೆ ಬೇರೆ ಇರಲಿಲ್ಲ. ಅದನ್ನು ಹಾಸಿನಂತೆ ಸುತ್ತುತ್ತಿದ್ದರು, ಹೋಳು ಮಾಡಿ ಕೂರಿಸುತ್ತಿದ್ದರು, ಪುಡಿಯನ್ನು ತೊಟ್ಟಿಯಲ್ಲಿ ನೀರು ಬೆರೆಸಿ, ನಮ್ಮ ಹಳ್ಳಿಯಲ್ಲಿ ಗೋಡೆ ಮೆತ್ತಲು ಮಣ್ಣು ಕಲಸುವ ಹಾಗೆ ಕೈಯಿಂದಲೇ ಕಲಸಿ ಬಳಿಯುತ್ತಿದ್ದರು. ಈ ಕೆಲಸದವರಿಗೆ ಲ್ಯಾಗರ್ ಎಂದು ಹೆಸರು. ಕಲಸಿದ ಮುದ್ದೆಗೆ ಅವರು ‘ಮಂಕಿ ಡಂಗ್’ ಅನ್ನುತ್ತಿದ್ದರು, ಕೋತಿ ಲದ್ದಿ. ಅದನ್ನು ಉಂಡೆಕಟ್ಟಿ ಒಬ್ಬರಿಗೊಬ್ಬರು ಎಸೆದಾಡುತ್ತಿದ್ದೆವು ಎಂದು ನಗುನಗುತ್ತಾ ಹೇಳದ ಯಾರ್ಡಿನ ಮುದುಕರನ್ನು ನಾನು ನೋಡಿಲ್ಲ. ನಕ್ಕರೆ ಕೆಮ್ಮು ಬರುತ್ತಿತ್ತು, ಕೆಮ್ಮು ನಿಲ್ಲುವವರೆಗೆ ನಾನು ಪೆನ್ನು ಹಿಡಿದು ಕಾಯುತ್ತಿದ್ದೆ.

ಹೊಸದಾಗಿ ಹೊದಿಸುವುದಕ್ಕಿಂತ ಹಳೆಯದನ್ನು ಕೀಳುವುದು ಹೆಚ್ಚು ಅಪಾಯ. ಹಡಗು ರಿಫಿಟ್‌ಗೆ ಬಂದಾಗ ಒಣಗಿದ ಹೊದಿಕೆಯನ್ನು ಸುತ್ತಿಗೆಯಿಂದ ಹೊಡೆದು ಉದುರಿಸಿ, ಪೊರಕೆಯಿಂದ ಗುಡಿಸಿ, ಗೋಣಿಗೆ ತುಂಬುತ್ತಿದ್ದರು. ಎಂಜಿನ್ ರೂಮಿನಲ್ಲಿ ಎದುರಿಗಿದ್ದವನ ಮುಖ ಕಾಣುತ್ತಿರಲಿಲ್ಲವಂತೆ. ಅದೇ ಜಾಗದಲ್ಲಿ, ಅದೇ ಹೊತ್ತಿನಲ್ಲಿ, ವೆಲ್ಡರ್, ಎಲೆಕ್ಟ್ರಿಷಿಯನ್, ಬಡಗಿ, ಪೇಂಟರ್ ಎಲ್ಲರೂ ಇರುತ್ತಿದ್ದರು. ಡೆವನ್‌ಪೋರ್ಟಿನಲ್ಲಿದ್ದ ಹ್ಯಾರೀಸ್ ಎಂಬ ನೌಕಾಪಡೆಯ ವೈದ್ಯಾಧಿಕಾರಿ 1960ರ ದಶಕದಲ್ಲಿ ಈ ಧೂಳನ್ನು ಅಳೆದು, ಕೀಳುವಾಗಲೇ ಅದು ವಿಪರೀತ ಏರುತ್ತದೆಂದು ತೋರಿಸಿದರು. 1968ರಲ್ಲಿ ಶಿಯರ್ಸ್ ಮತ್ತು ಟೆಂಪಲ್‌ಟನ್ ಅಲ್ಲಿನ ಕೆಲಸಗಾರರ ಎಕ್ಸ್-ರೇಗಳ ಬಗ್ಗೆ ಬ್ರಿಟಿಷ್ ಮೆಡಿಕಲ್ ಜರ್ನಲ್ಲಿನಲ್ಲಿ ಬರೆದರು. ನಾನು ಹೋಗುವ ಹೊತ್ತಿಗೆ ಮುಖವಾಡ ಬಂದಿತ್ತು, ಒದ್ದೆ ಮಾಡಿ ಕೀಳುವ ಪದ್ಧತಿ ಬಂದಿತ್ತು. ಆದರೆ ನಮ್ಮ ಕ್ಲಿನಿಕ್ಕಿಗೆ ಬರುತ್ತಿದ್ದವರು ಮುಖವಾಡದ ಕಾಲದವರಲ್ಲ. ಈ ಧೂಳು ತರುವ ಕಾಯಿಲೆಯ ಗುಣವೇ ಅದು. ಮೂವತ್ತು, ನಲವತ್ತು ವರ್ಷ ಸುಮ್ಮನಿರುತ್ತದೆ. ಅಂದು ವಾರ್ಡಿನಲ್ಲಿ ಮಲಗಿದ್ದವನು ಹಿಟ್ಲರನ ಕಾಲದ ಧೂಳಿಗೆ ಮಲಗಿದ್ದ.

ಕಾಯಿಲೆಯ ಹೆಸರು ಮೀಸೊಥೀಲಿಯೋಮ. ಪುಪ್ಪುಸವನ್ನು ಸುತ್ತಿರುವ ತೆಳ್ಳನೆಯ ಪೊರೆಯ ಕ್ಯಾನ್ಸರು. ಸೂಜಿಗಿಂತ ಎಷ್ಟೋ ಪಟ್ಟು ಸಣ್ಣ ಎಳೆ ಉಸಿರಿನೊಂದಿಗೆ ಒಳಗೆ ಹೋಗಿ ಆ ಪೊರೆಯವರೆಗೂ ತಲುಪುತ್ತದೆ. ದೇಹ ಅದನ್ನು ಕರಗಿಸಲಾರದು, ಹೊರಗೆ ತಳ್ಳಲಾರದು. ಕೆಲವು ಎಳೆಗಳಿಗೆ ಕಬ್ಬಿಣಾಂಶದ ಕವಚ ತೊಡಿಸಿ ಇಟ್ಟುಕೊಳ್ಳುತ್ತದೆ. ಮೈಕ್ರೋಸ್ಕೋಪಿನಲ್ಲಿ ಅವು ಕಂದು ಬಣ್ಣದ ಪುಟ್ಟ ಡಂಬೆಲ್ಲುಗಳಾಗಿ ಕಾಣುತ್ತವೆ. ನೀಲಿ ಕಲ್ನಾರು, ಅಂದರೆ ಕ್ರೊಸಿಡೊಲೈಟ್, ಎಲ್ಲಕ್ಕಿಂತ ಕೆಟ್ಟದ್ದು. 1960ರಲ್ಲಿ ದಕ್ಷಿಣ ಆಫ್ರಿಕದ ವಾಗ್ನರ್ ಮತ್ತು ಅವರ ಸಹೋದ್ಯೋಗಿಗಳು ಕೇಪ್ ಪ್ರಾಂತ್ಯದ ನೀಲಿ ಕಲ್ನಾರಿನ ಗಣಿಗಳ ಸುತ್ತಮುತ್ತ ಇದೇ ಕ್ಯಾನ್ಸರಿನ 33 ಪ್ರಕರಣಗಳನ್ನು ಬರೆದಾಗ ಜಗತ್ತಿನ ಕಣ್ಣು ತೆರೆಯಿತು ಎನ್ನುತ್ತಾರೆ. ಅರ್ಧ ಮಾತ್ರ ನಿಜ. ಕಲ್ನಾರಿನ ಧೂಳು ಪುಪ್ಪುಸವನ್ನು ಗಟ್ಟಿ ಮಾಡಿ ಕೊಲ್ಲುತ್ತದೆ ಎಂಬುದು ಬ್ರಿಟನ್ನಿಗೆ 1924ರಲ್ಲೇ, ರಾಚ್‌ಡೇಲಿನ ಗಿರಣಿಯಲ್ಲಿ ದುಡಿದಿದ್ದ ನೆಲ್ಲಿ ಕೆರ್ಶಾ ಎಂಬ ಹೆಣ್ಣುಮಗಳು ಸತ್ತಾಗ ತಿಳಿದಿತ್ತು. 1931ರಲ್ಲಿ ಕಾನೂನೂ ಬಂತು, ಕಾರ್ಖಾನೆಗಳಿಗೆ. ಹಡಗಿನ ಹೊಟ್ಟೆಯೊಳಗೆ ಕೋತಿ ಲದ್ದಿ ಎರಚಾಡುತ್ತಿದ್ದವರ ಕಡೆ ಆ ಕಾನೂನು ತಿರುಗಿಯೂ ನೋಡಲಿಲ್ಲ.

ಕ್ಲಿನಿಕ್ಕಿನಲ್ಲಿ ಕತೆ ಯಾವಾಗಲೂ ಒಂದೇ ರೀತಿ ಶುರುವಾಗುತ್ತಿತ್ತು. ಮೆಟ್ಟಿಲು ಹತ್ತಿದರೆ ಏದುಸಿರು. ರೆಕ್ಕೆಯ ಮೂಳೆಯ ಕೆಳಗೆ ಬಿಡದೆ ಕೊರೆಯುವ ನೋವು. ಎಕ್ಸ್-ರೇಯಲ್ಲಿ ಒಂದು ಬದಿ ಪೂರ್ತಿ ಬಿಳಿ. ಸೂಜಿ ಹಾಕಿದರೆ ಲೀಟರುಗಟ್ಟಲೆ ನೀರು, ಕೆಲವೊಮ್ಮೆ ರಕ್ತದ ಬಣ್ಣದ್ದು. ತೆಗೆದ ದಿನ ಹಾಯೆನಿಸಿ ಪಬ್ಬಿಗೂ ಹೋಗಿ ಬರುತ್ತಿದ್ದರು, ಕೆಲವು ವಾರಕ್ಕೆ ಮತ್ತೆ ತುಂಬುತ್ತಿತ್ತು. ಆಮೇಲೆ ಪೊರೆ ದಪ್ಪಗಾಗಿ ಗಟ್ಟಿಯಾದಾಗ ತೆಗೆಯಲು ನೀರೂ ಇರುತ್ತಿರಲಿಲ್ಲ. ಪತ್ತೆಯಾದ ಮೇಲೆ ಒಂದು ವರ್ಷ ದಾಟಿದವರು ಕಡಿಮೆ. ನನ್ನ ಕೈಯಲ್ಲಿದ್ದ ಔಷಧಿ ಮಾರ್ಫಿನ್ ಒಂದೇ. ಸ್ಯಾನಿಟೋರಿಯಮ್ಮಿನಿಂದ ಬಂದವನಿಗೆ ಇದು ಕಷ್ಟವಾಯಿತು; ಅಲ್ಲಿ ನಮ್ಮ ರೋಗಿಗಳು ದಪ್ಪಗಾಗಿ ಮನೆಗೆ ಹೋಗುತ್ತಿದ್ದರು.

ಬಹುಪಾಲು ಗಂಡಸರು ತಪ್ಪೆಲ್ಲ ತಮ್ಮದೇ ಎಂದು ನಂಬಿ ಬರುತ್ತಿದ್ದರು. ನೌಕಾಪಡೆಯಲ್ಲಿ ಸುಂಕವಿಲ್ಲದ ಅಗ್ಗದ ತಂಬಾಕು ಸಿಗುತ್ತಿತ್ತು, ಎಲ್ಲರೂ ಸೇದಿದ್ದರು. “ಸಿಗರೇಟು ತಾನೆ ಡಾಕ್? ಹೆಂಡತಿ ಎಷ್ಟು ಹೇಳಿದರೂ ಕೇಳಲಿಲ್ಲ.” ಮಾಮೂಲಿ ಪುಪ್ಪುಸದ ಕ್ಯಾನ್ಸರಿನಲ್ಲಿ ಕಲ್ನಾರೂ ಸಿಗರೇಟೂ ಸೇರಿದರೆ ಅಪಾಯ ಎಷ್ಟೋ ಪಟ್ಟಾಗುತ್ತದೆ, ನ್ಯೂಯಾರ್ಕಿನ ಸೆಲಿಕಾಫ್ 1968ರಲ್ಲಿ ಅದನ್ನು ತೋರಿಸಿದ್ದರು. ಆದರೆ ಮೀಸೊಥೀಲಿಯೋಮಕ್ಕೂ ಸಿಗರೇಟಿಗೂ ಸಂಬಂಧವಿಲ್ಲ. ಹಾಗೆಂದು ಹೇಳಿದಾಗ ಸಾಯಲಿರುವ ಮನುಷ್ಯನ ಮುಖದ ಮೇಲೆ ಮೂಡುತ್ತಿದ್ದ ನೆಮ್ಮದಿಯನ್ನು ಹೇಗೆ ವರ್ಣಿಸಲಿ. ಕೆಲವರು ಹೆಂಡತಿಯ ಕಡೆ ತಿರುಗಿ, ‘ಕೇಳಿಸಿಕೊಂಡೆಯಾ?’ ಎಂಬಂತೆ ನೋಡುತ್ತಿದ್ದರು.

1979ರಲ್ಲಿ ಬಂದ ಒಬ್ಬರ ಬಗ್ಗೆ ಬರೆಯಬೇಕು. ಹೆಸರು ಬೇಡ. ವಯಸ್ಸು ಐವತ್ತೇಳು, ಅಗಲವಾದ ಭುಜ, ಮುಂಗೈ ಮೇಲೆ ಮಸುಕಾದ ಲಂಗರಿನ ಹಚ್ಚೆ. ಬಾಯ್ಲರ್ ರೂಮಿನವರಾದ್ದರಿಂದ ತಮ್ಮನ್ನು ಸ್ಟೋಕರ್ ಎಂದೇ ಕರೆದುಕೊಳ್ಳುತ್ತಿದ್ದರು. ನಾನು ಎಂದಿನಂತೆ ಕೆಲಸಗಳ ಪಟ್ಟಿ ಬರೆಯಲು ಕೂತರೆ ಅವರೇ ನನ್ನನ್ನು ವಿಚಾರಿಸಿದರು.

“ಡಾಕ್, ನೀವು ಇಂಡಿಯಾದಲ್ಲಿ ಎಲ್ಲಿಯವರು?”

“ದಕ್ಷಿಣದಲ್ಲಿ ಮೈಸೂರು ಅಂತ. ನಿಮಗೆ ಗೊತ್ತಿರಲಿಕ್ಕಿಲ್ಲ.”

“ಗೊತ್ತಿಲ್ಲದೆ ಏನು! ನಮ್ಮ ನೈಜೀರಿಯಾ ಅಲ್ಲವಾ ಅದು?”

ಮುದುಕರ ಭೂಗೋಳ ಕೆಟ್ಟಿದೆ ಎಂದುಕೊಂಡೆ. ಅವರು ಹೇಳಿದ್ದು ಹಡಗಿನ ಮಾತು. ಎಚ್.ಎಂ.ಎಸ್. ನೈಜೀರಿಯಾ, ಆರು ಇಂಚಿನ ಫಿರಂಗಿಗಳ ಕ್ರೂಸರ್. ನ್ಯೂಕ್ಯಾಸಲ್ಲಿನಲ್ಲಿ ಕಟ್ಟಿದ್ದು, 1940ರಲ್ಲಿ ಸೇವೆಗೆ ಬಂದದ್ದು. 1942ರ ಆಗಸ್ಟ್ 12ರಂದು, ಮುತ್ತಿಗೆಯಲ್ಲಿದ್ದ ಮಾಲ್ಟಾ ದ್ವೀಪಕ್ಕೆ ಎಣ್ಣೆ, ಆಹಾರ ಒಯ್ಯುತ್ತಿದ್ದ ಹಡಗುಗಳ ಬೆಂಗಾವಲಿಗೆ ಹೋದಾಗ ಆಕ್ಸಮ್ ಎಂಬ ಇಟಲಿಯ ಸಬ್‌ಮರೀನ್ ಅದಕ್ಕೆ ಟಾರ್ಪಿಡೊ ಹೊಡೆಯಿತು. 52 ಮಂದಿ ಸತ್ತರು. ನಮ್ಮ ಸ್ಟೋಕರ್ ಬದುಕಿ ಬಂದರು, ಹಡಗೂ ಉಳಿಯಿತು. ಅದನ್ನೇ 1954ರಲ್ಲಿ ಭಾರತ ಕೊಂಡುಕೊಂಡಿತು. ಬರ್ಕನ್‌ಹೆಡ್‌ನಲ್ಲಿ ದುರಸ್ತಿ ಮುಗಿಸಿ 1957ರ ಆಗಸ್ಟ್ 29ರಂದು ‘ಐ.ಎನ್.ಎಸ್. ಮೈಸೂರು’ ಎಂದು ಹೊಸ ಹೆಸರಿಟ್ಟರು. ಲಾಂಛನಕ್ಕೆ ನಮ್ಮ ಅರಮನೆಯ ಗಂಡಭೇರುಂಡ ಬಂತು. 1971ರ ಯುದ್ಧದಲ್ಲಿ ಪಶ್ಚಿಮ ನೌಕಾದಳದ ಮುಂದಾಳು ಹಡಗು ಅದೇ. ನಮ್ಮೂರಿನ ಹೆಸರೆಂದು ಹಾಸ್ಟೆಲಿನಲ್ಲಿ ನಾವು ಪೇಪರ್ ಕಿತ್ತಾಡಿ ಓದಿದ್ದೆವು. ಅದರ ಹೊಟ್ಟೆಯೊಳಗೆ ಯಾರು ಕೆಲಸ ಮಾಡುತ್ತಾರೆ, ಏನು ಉಸಿರಾಡುತ್ತಾರೆ ಎಂಬ ಪ್ರಶ್ನೆ ಯಾರಿಗೆ ಹೊಳೆದೀತು.

ಆ ಮಾತಿನಿಂದ ನಮ್ಮಿಬ್ಬರಿಗೂ ಒಂದು ಬಗೆಯ ಸಲಿಗೆ ಬೆಳೆಯಿತು. ವಾರ್ಡಿನಲ್ಲಿ ಎಲ್ಲರಿಗೂ ‘ನಮ್ಮ ಹಡಗಿನ ಊರಿನ ಡಾಕ್ಟರು’ ಎಂದು ನನ್ನನ್ನು ತೋರಿಸುತ್ತಿದ್ದರು. ಕೊಳವೆಗಳ ಕೆಳಗೆ ಹ್ಯಾಮಕ್ ಕಟ್ಟಿ ಮಲಗುತ್ತಿದ್ದದ್ದು, ಮೇಲೆ ಫಿರಂಗಿ ಹಾರಿದರೆ ಹೊದಿಕೆಯ ಪುಡಿ ಮುಖದ ಮೇಲೆ, ಚಹಾದ ಮಗ್ಗಿನೊಳಗೆ ಉದುರುತ್ತಿದ್ದದ್ದು, ಬೆರಳಿನಿಂದ ತೆಗೆದು ಹಾಕಿ ಕುಡಿಯುತ್ತಿದ್ದದ್ದು. ಯುದ್ಧ ಮುಗಿದ ಮೇಲೂ ಇನ್ನಷ್ಟು ಹಡಗು. ನೌಕಾಪಡೆ ಬಿಟ್ಟ ಮೇಲೆ ಇದೇ ಯಾರ್ಡಿನಲ್ಲಿ ಫಿಟ್ಟರ್. ಯಾವ ಹಡಗಿನ ಧೂಳು ಅವರನ್ನು ಹಿಡಿಯಿತು ಎಂದು ನನಗೆ ಹೇಳಲು ಬರುತ್ತಿರಲಿಲ್ಲ, ಯಾವ ಡಾಕ್ಟರಿಗೂ ಬರುವುದಿಲ್ಲ. ಎಳೆಯ ಮೇಲೆ ತಾರೀಖು ಬರೆದಿರುವುದಿಲ್ಲ.

ಆದರೆ ವಕೀಲರಿಗೆ ತಾರೀಖೇ ಬೇಕಿತ್ತು. ಸ್ಟೋಕರರ ಸಾಲಿಸಿಟರ್ ಒಂದು ಸಂಜೆ ನನಗೆ ಫೋನು ಮಾಡಿ, ವರದಿಯಲ್ಲಿ ಯಾರ್ಡಿನ ವರ್ಷಗಳನ್ನು ಬಿಡಿಸಿ ಬರೆಯಿರಿ, ನೌಕಾಪಡೆಯ ವರ್ಷಗಳಿಂದ ದಾವೆಗೆ ಉಪಯೋಗವಿಲ್ಲ ಎಂದರು. ನನಗೆ ಅರ್ಥವಾಗಲಿಲ್ಲ. ಅವರು ತಾಳ್ಮೆಯಿಂದ ವಿವರಿಸಿದರು. 1947ರ ಕ್ರೌನ್ ಪ್ರೊಸೀಡಿಂಗ್ಸ್ ಕಾಯಿದೆ ಸರ್ಕಾರದ ಮೇಲೆ ಸಾಮಾನ್ಯರು ದಾವೆ ಹೂಡಲು ದಾರಿ ಮಾಡಿತು. ಅದರ ಹತ್ತನೆಯ ಕಲಮು ಮಾತ್ರ ಸೈನಿಕ, ನಾವಿಕರಿಗೆ ಬಾಗಿಲು ಮುಚ್ಚಿತು: ಸೇವೆಯಿಂದಾದ ಕೆಡುಕಿಗೆ ಯುದ್ಧ ಪಿಂಚಣಿ ಉಂಟು, ಪರಿಹಾರದ ದಾವೆ ಇಲ್ಲ. ಒಂದೇ ಬಾಯ್ಲರ್ ರೂಮಿನಲ್ಲಿ, ಒಂದೇ ಮಧ್ಯಾಹ್ನ, ಒಂದೇ ಧೂಳು ಕುಡಿದ ಇಬ್ಬರಲ್ಲಿ ಓವರಾಲ್ ತೊಟ್ಟವನು ಕೋರ್ಟಿಗೆ ಹೋಗಬಹುದು, ನಾವಿಕ ಹೋಗುವಂತಿಲ್ಲ. ಸಂಬಳ ಕೊಟ್ಟದ್ದು ಇಬ್ಬರಿಗೂ ಒಂದೇ ಸರ್ಕಾರ.

ಇದು ಬರೀ ವಾದದ ಮಾತಲ್ಲ ಎಂದು ತೋರಿಸಲೋ ಎಂಬಂತೆ ಸ್ಟೋಕರರ ಪಕ್ಕದ ಬೀದಿಯ ಇನ್ನೊಬ್ಬರು ಕೆಲವೇ ತಿಂಗಳಲ್ಲಿ ಅದೇ ಕಾಯಿಲೆಯಿಂದ ಬಂದರು. ಅವರ ದುಡಿಮೆಯ ಬದುಕೆಲ್ಲ ನೌಕಾಪಡೆ, ಯಾರ್ಡಿನಲ್ಲಿ ಒಂದು ದಿನವೂ ಇಲ್ಲ. ಇಬ್ಬರೂ ಒಂದೇ ಚಳಿಗಾಲದಲ್ಲಿ ತೀರಿಕೊಂಡರು. ಇಂಥ ಸಾವು ಇಂಗ್ಲೆಂಡಿನಲ್ಲಿ ಕೊರೊನರ್‌ಗೆ ಹೋಗಬೇಕು; ಶವಪರೀಕ್ಷೆ, ವಿಚಾರಣೆ, ಕೊನೆಗೆ ‘ಔದ್ಯೋಗಿಕ ರೋಗ’ ಎಂಬ ತೀರ್ಪು. ಪತಿ ಸತ್ತ ವಾರದಲ್ಲೇ ದೇಹ ಕತ್ತರಿಸುತ್ತಾರೆಂದು ಆ ಹೆಂಗಸರಿಗೆ ಹೇಳುವ ಕೆಲಸ ರಿಜಿಸ್ಟ್ರಾರನದು. ತೀರ್ಪು ಎರಡೂ ಮನೆಗೆ ಒಂದೇ ಬಂತು. ಸ್ಟೋಕರರ ಹೆಂಡತಿಗೆ ಯಾರ್ಡಿನ ವರ್ಷಗಳ ಮೇಲೆ ಪರಿಹಾರ ಸಿಕ್ಕಿತು, ಎರಡನೆಯವರಿಗೆ ಪಿಂಚಣಿಯ ಕಾಗದ. ಆಕೆ ನನ್ನ ಬಳಿ ಬಂದು ಕೂತು, “ಧೂಳಿಗೂ ಯೂನಿಫಾರ್ಮ್ ಇತ್ತಾ ಡಾಕ್ಟರ್?” ಎಂದು ಕೇಳಿದರು. ಕೋಪವಿರಲಿಲ್ಲ, ನಿಜವಾಗಿಯೂ ತಿಳಿದುಕೊಳ್ಳಬೇಕಿತ್ತು ಅವರಿಗೆ.

ಆ ಕಲಮನ್ನು 1987ರಲ್ಲಿ ತೆಗೆದುಹಾಕಿದರು. ಆದರೆ ಮುಂದಿನವರಿಗೆ ಮಾತ್ರ. ಮೂವತ್ತು, ನಲವತ್ತು ವರ್ಷ ತಡೆದು ಬರುವ ರೋಗಕ್ಕೆ ಮುಂದಿನವರಿಗೆ ಮಾತ್ರ ಅನ್ವಯಿಸುವ ಕಾನೂನು ಎಂದರೆ ಏನು ಹೇಳುವುದು! 1955ರಿಂದ 1968ರವರೆಗೆ ನೌಕಾಪಡೆಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದ ಮ್ಯಾಥ್ಯೂಸ್ ಎಂಬವರು ಇದನ್ನು ಪ್ರಶ್ನಿಸಿ ಹೌಸ್ ಆಫ್ ಲಾರ್ಡ್ಸ್‌ವರೆಗೆ ಹೋದರು, 2003ರಲ್ಲಿ ಸೋತರು. ವಿಚಿತ್ರವೆಂದರೆ ಅದಕ್ಕೆ ಒಂದು ವರ್ಷ ಮೊದಲು ಫೇರ್‌ಚೈಲ್ಡ್ ಪ್ರಕರಣದಲ್ಲಿ ಅದೇ ಲಾರ್ಡ್‌ಗಳ ಸಭೆ ನಮ್ಮಂಥ ಡಾಕ್ಟರುಗಳ ಸಂಕಟವನ್ನು ಬಗೆಹರಿಸಿತ್ತು: ಹಲವು ಮಾಲೀಕರ ಬಳಿ ದುಡಿದವನು ಯಾರ ಧೂಳು ಕೊಂದಿತು ಎಂದು ಸಾಬೀತು ಮಾಡಬೇಕಿಲ್ಲ, ಅಪಾಯ ಹೆಚ್ಚಿಸಿದವರೆಲ್ಲ ಹೊಣೆ ಎಂದು. ನಾವಿಕರಿಗೆ ಏನಾದರೂ ಸಿಕ್ಕಿದ್ದು 2015ರ ಡಿಸೆಂಬರಿನಲ್ಲಿ. ಮಾಜಿ ಸೈನಿಕರ ಸಂಘಟನೆಯಾದ ರಾಯಲ್ ಬ್ರಿಟಿಷ್ ಲೀಜನ್ ಬಹಳ ಹೋರಾಡಿದ ಮೇಲೆ, ಮೀಸೊಥೀಲಿಯೋಮ ಪತ್ತೆಯಾದ ಮಾಜಿ ಯೋಧರಿಗೆ ಒಂದೇ ಕಂತಿನಲ್ಲಿ 1,40,000 ಪೌಂಡ್ ಎಂದು ಸರ್ಕಾರ ಒಪ್ಪಿತು. ಆ ಹೊತ್ತಿಗೆ ನಾನು ನಿವೃತ್ತನಾಗಿದ್ದೆ. ಸ್ಟೋಕರರ ನೆರೆಯವರು ಸತ್ತು ಮೂವತ್ತೈದು ವರ್ಷ ದಾಟಿತ್ತು. 1968ರಲ್ಲಿ ಬ್ರಿಟನ್ನಿನಲ್ಲಿ ಈ ರೋಗದಿಂದ ಸತ್ತವರು 153 ಎಂದು ದಾಖಲೆ. 2010ರ ದಶಕದಲ್ಲಿ ವರ್ಷಕ್ಕೆ ಸುಮಾರು 2,500. ನೀಲಿ, ಕಂದು ಕಲ್ನಾರುಗಳಿಗೆ 1985ರಲ್ಲಿ, ಬಿಳಿಯದಕ್ಕೆ 1999ರಲ್ಲಿ ನಿಷೇಧ ಬಂದಿದ್ದರೂ ಲೆಕ್ಕ ಏರುತ್ತಲೇ ಇತ್ತು.

ಗಂಡಸರ ಬಗ್ಗೆಯೇ ಹೇಳುತ್ತಾ ಬಂದೆ. 1965ರಲ್ಲಿ ಲಂಡನ್ನಿನ ನ್ಯೂಹೌಸ್ ಮತ್ತು ಥಾಂಪ್ಸನ್ 76 ರೋಗಿಗಳ ಬದುಕಿನ ವಿವರ ಕಲೆಹಾಕಿದಾಗ ಅವರಲ್ಲಿ ಒಂಬತ್ತು ಮಂದಿ ಕಲ್ನಾರನ್ನು ಮುಟ್ಟಿದವರೇ ಅಲ್ಲ, ಮುಟ್ಟಿದವರ ಮನೆಯವರು. ಹೆಚ್ಚಿನವರು ಗಂಡನ ಕೆಲಸದ ಬಟ್ಟೆ ಕೊಡವಿ ಒಗೆದ ಹೆಂಗಸರು. ನಮ್ಮ ಕ್ಲಿನಿಕ್ಕಿಗೂ ಅಂಥವರು ಬಂದರು, ಬಹಳ ತಡವಾಗಿ, ಏಕೆಂದರೆ ಕಸುಬಿನ ಖಾನೆಯಲ್ಲಿ ಅವರಿಗೆಲ್ಲ ‘ಗೃಹಿಣಿ’ ಎಂದು ಬರೆದಿರುತ್ತಿತ್ತು. ಅವರ ಪರವಾಗಿ ವರದಿ ಬರೆಯುವುದು ಎಲ್ಲಕ್ಕಿಂತ ಕಷ್ಟ. ಯಾವ ವರ್ಷ ಯಾವ ಓವರಾಲ್ ಒಗೆದೆ ಎಂದು ಯಾವ ಹೆಂಗಸು ಬರೆದಿಟ್ಟುಕೊಂಡಾಳು?

ಹಳೆಯ ಹಡಗುಗಳು ಕೊನೆಗೆ ಎಲ್ಲಿಗೆ ಹೋಗುತ್ತವೆ ಎಂದು ನಾನು ಬಹಳ ಕಾಲ ಯೋಚಿಸಿರಲಿಲ್ಲ. 2005ರ ಡಿಸೆಂಬರ್ 31ರಂದು ಫ್ರಾನ್ಸಿನ ಕ್ಲೆಮಾನ್ಸೊ ಎಂಬ ವಿಮಾನವಾಹಕ ನೌಕೆ, ಒಳಗಿನ ಕಲ್ನಾರು ಸಮೇತ, ಗುಜರಾತಿನ ಅಲಂಗ್ ಕಡಲತೀರಕ್ಕೆ ಹೊರಟಾಗ ಪೇಪರಿನಲ್ಲಿ ಓದಿ ಎದ್ದು ಕೂತೆ. ಗಲಾಟೆಯಾಯಿತು, ನಮ್ಮ ಸುಪ್ರೀಂ ಕೋರ್ಟ್ ತಡೆಯಿತು, 2006ರ ಫೆಬ್ರವರಿಯಲ್ಲಿ ಅಧ್ಯಕ್ಷ ಶಿರಾಕ್ ಹಡಗನ್ನು ವಾಪಸು ಕರೆಸಿಕೊಂಡರು. ಅದನ್ನು ಕೊನೆಗೆ ಒಡೆದದ್ದು ಇಂಗ್ಲೆಂಡಿನ ಹಾರ್ಟ್ಲ್‌ಪೂಲಿನಲ್ಲಿ, ಮುಖವಾಡ ತೊಟ್ಟವರು, ಕಾನೂನಿನ ಕಣ್ಣೆದುರು. ಅದೊಂದು ಹಡಗಿನ ಮಾತಾಯಿತು. ಅಲಂಗ್‌ನಲ್ಲಿ ಗ್ಯಾಸ್ ಕಟ್ಟರ್ ಹಿಡಿದ ಒಡಿಶಾ, ಬಿಹಾರಗಳ ಹುಡುಗರು ಕಳಚುವ ಹಡಗುಗಳಿಗೆಲ್ಲ ಅಧ್ಯಕ್ಷರ ಫೋನು ಬರುವುದಿಲ್ಲ. ಭಾರತದಲ್ಲಿ ಕಲ್ನಾರಿನ ಗಣಿಗಾರಿಕೆ ನಿಂತಿದೆ. ಹೊರಗಿನಿಂದ ಬಿಳಿ ಕಲ್ನಾರು ತರಿಸಿ ಶೀಟು ಮಾಡುವುದು ನಿಂತಿಲ್ಲ. 1995ರಲ್ಲಿ ಸುಪ್ರೀಂ ಕೋರ್ಟ್ ಕಲ್ನಾರಿನ ಕೆಲಸಗಾರರ ಆರೋಗ್ಯವನ್ನು ಬದುಕುವ ಹಕ್ಕಿನ ಭಾಗ ಎಂದಿತು, ಅವರ ಆರೋಗ್ಯದ ದಾಖಲೆಯನ್ನು ಕೆಲಸ ಬಿಟ್ಟ ಮೇಲೂ ಕಾಯ್ದಿಡಬೇಕು ಎಂದಿತು. ಒಳ್ಳೆಯ ತೀರ್ಪು. ಗುತ್ತಿಗೆಗೆ ಬಂದು ಆರು ತಿಂಗಳಿಗೆ ಊರು ಬದಲಿಸುವವನ ದಾಖಲೆಯನ್ನು ಯಾರು ಕಾಯುತ್ತಾರೋ.

ಈಗ ನಾನು ಚಳಿಗಾಲವನ್ನು ಮೈಸೂರಿನಲ್ಲಿ ಕಳೆಯುತ್ತೇನೆ. ಕೆಲವು ವರ್ಷದ ಹಿಂದೆ ಸರಸ್ವತಿಪುರದ ಛತ್ರವೊಂದರಲ್ಲಿ ಮದುವೆ. ಊಟದ ಪಂಕ್ತಿಗೆ ಕಾಯುತ್ತಾ ಕೂತಿದ್ದಾಗ ಪಕ್ಕದಲ್ಲಿದ್ದ ಹಿರಿಯರು ತಮ್ಮ ಪರಿಚಯ ಹೇಳಿಕೊಂಡರು: ನೌಕಾಪಡೆಯಲ್ಲಿ ಎಂಜಿನ್ ರೂಮಿನಲ್ಲಿದ್ದರಂತೆ, 1960ರ ದಶಕದಲ್ಲಿ ಸೇರಿದ್ದು. ನನ್ನ ಹಳೆಯ ಚಾಳಿ ಬಿಡಲಿಲ್ಲ, ಶಾಲೆ ಬಿಟ್ಟಂದಿನಿಂದ ಕೇಳತೊಡಗಿದೆ. ಅವರಿಗೂ ಹೇಳುವ ಉತ್ಸಾಹ. ಹಬೆಯ ಹಡಗುಗಳು, ಲ್ಯಾಗಿಂಗ್, ರಿಫಿಟ್. ಉಂಡೆಕಟ್ಟಿ ಎಸೆದಾಡಿದ್ದು ಕೂಡ ಬಂತು, ನಗುವಿನ ಸಮೇತ. ಕೆಮ್ಮು ಬರಲಿಲ್ಲ.

ಉಸಿರಾಟ ಹೇಗಿದೆ ಎಂದೆ. “ದಿನಾ ಕುಕ್ಕರಹಳ್ಳಿ ಕೆರೆ ಒಂದು ಸುತ್ತು ಹಾಕ್ತೀನಿ ಡಾಕ್ಟ್ರೇ, ಏನೂ ತೊಂದರೆ ಇಲ್ಲ.” ಆದರೂ ಒಂದು ಎಕ್ಸ್-ರೇ ತೆಗೆಸಿ ಎಂದೆ. ಅದಕ್ಕಿಂತ ಮುಖ್ಯವಾಗಿ, ಯಾವ ವರ್ಷ ಯಾವ ಹಡಗು, ಏನು ಕೆಲಸ, ಜೊತೆಗೆ ಯಾರಿದ್ದರು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಡಿಸ್‌ಚಾರ್ಜ್ ಪುಸ್ತಕದ ಜೊತೆ ಇಡಿ, ಮುಂದೆ ಯಾವ ಡಾಕ್ಟರ ಹತ್ತಿರ ಹೋದರೂ ತೋರಿಸಿ ಎಂದೆ. ಪ್ಲಿಮತ್ತಿನಲ್ಲಿ ಕ್ಲಿನಿಕ್ಕಿಗೆ ಬಂದವರಿಗೆಲ್ಲ ಇದನ್ನೇ ಹೇಳಿ ಕಳಿಸುತ್ತಿದ್ದೆವು. ಎದೆಯಲ್ಲಿ ನೀರು ಎಂದಾಗ ಇಲ್ಲಿನ ಡಾಕ್ಟರು ಮೊದಲು ಕ್ಷಯವನ್ನೇ ನೆನೆಯುತ್ತಾರೆ, ನೆನೆಯಲೇಬೇಕು. ಆ ಹಾಳೆ ಇದ್ದರೆ ಎರಡನೆಯದನ್ನೂ ನೆನೆಯುತ್ತಾರೆ.

ಅವರು ಅರೆಮನಸ್ಸಿನಿಂದ ತಲೆಯಾಡಿಸಿದರು. ಆಚೆ ಕೂತಿದ್ದ ಅವರ ಹೆಂಡತಿ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು ಅಂತ ಕಾಣುತ್ತದೆ. “ಆ ನೀಲಿ ಡಾಂಗ್ರಿ ಒಗೆಯೋಕೆ ಮುಂಚೆ ಕ್ವಾರ್ಟರ್ಸ್ ಬಾಲ್ಕನಿಲಿ ಕೊಡವ್ತಿದ್ದೆ ನಾನು. ಬಿಳೀ ಪುಡಿ ಉದುರೋದು,” ಎಂದರು. ನಾನು ಅವರ ಹೆಸರನ್ನೂ ಚೀಟಿಯಲ್ಲಿ ಬರೆದು, ಇಬ್ಬರೂ ಒಟ್ಟಿಗೆ ಹೋಗಿ ತೆಗೆಸಿಕೊಂಡು ಬನ್ನಿ ಎಂದು ಕೈಗೆ ಕೊಟ್ಟೆ. ಎಲೆ ಹಾಕಿದರು ಎಂದು ಯಾರೋ ಕೂಗಿದರು, ಎದ್ದೆವು.